ಮರಿ ಬಿಡುವ ಮೊದಲು ಕಾವಲು ಕೂರಲಿ

ಕೆರೆ ಕೋಡಿ ಬಿತ್ತೆಂದರೆ ನಮ್ಮ ಕಡೆ ಊರಿಗೆ ಊರೇ ಏರಿಯ ಮೇಲೆ ನಿಲ್ಲುತ್ತದೆ. ಗಂಗೆಪೂಜೆ ಆಗುತ್ತದೆ, ಬಾಗಿನ ಬಿಡುತ್ತಾರೆ. ಆಮೇಲೆ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನುಮರಿ ಬರುತ್ತವೆ. ಚೀಲವನ್ನು ಸ್ವಲ್ಪ ಹೊತ್ತು ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ನೀರೂ ಕೆರೆಯ ನೀರೂ ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಿ ಮರಿಗಳನ್ನು ಬಿಡುತ್ತಾರೆ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ: ಎಲ್ಲ ಊರಿಗೂ ಬಹುಮಟ್ಟಿಗೆ ಇದೇ ಪಟ್ಟಿ. ಈ ಮರಿಗಳನ್ನು ಆರಿಸಿದವರು ಯಾರು, ಬಿಟ್ಟ ಮೇಲೆ ನೋಡಿಕೊಳ್ಳುವವರು ಯಾರು ಎಂದು ಏರಿಯ ಮೇಲೆ ನಿಂತ ಯಾರೂ ಕೇಳುವುದಿಲ್ಲ.

ಈಗ ಕೇಳಬೇಕು. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರ ತಾಲ್ಲೂಕಿನಲ್ಲಿ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಪಡುವಣಕ್ಕೆ ಹರಿಯುತ್ತಿದ್ದ ನೀರು ಹಳೇಬೀಡು, ಬೆಳವಾಡಿಯ ಕಡೆಯಿಂದ ವೇದಾವತಿಗೆ ಇಳಿದು ವಾಣಿವಿಲಾಸ ಸಾಗರದತ್ತ ಹೋಯಿತು. ಯಗಚಿಯ ನೀರನ್ನು ರಣಘಟ್ಟದಿಂದ ದ್ವಾರಸಮುದ್ರಕ್ಕೆ ತನ್ನಿ ಎಂದು ಹಳೇಬೀಡು, ಮಾದಿಹಳ್ಳಿ ಭಾಗದ ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ. ಅರಸೀಕೆರೆಯ ತೆಂಗಿನ ತೋಟಗಳವರೂ ತಮ್ಮ ಕೆರೆಗಳಿಗೆ ಎತ್ತಿನಹೊಳೆ ಬರುವುದನ್ನು ಕಾಯುತ್ತಿದ್ದಾರೆ. ಒಣಗಿ ಬಿರುಕು ಬಿಟ್ಟಿದ್ದ ಕೆರೆಗಳಲ್ಲಿ ವರ್ಷವಿಡೀ ನೀರು ನಿಲ್ಲುವ ಕಾಲ ಬಂದರೆ ಅಲ್ಲಿ ಮೀನೂ ಇರುತ್ತದೆ, ಮೀನಿನ ಸುತ್ತ ಹಣವೂ ಜಗಳವೂ ಆಸೆಯೂ ಇರುತ್ತವೆ. ಆ ಹೊತ್ತಿಗೆ ನಾವು ಏನು ಕಟ್ಟಿಕೊಂಡಿರಬೇಕು ಎಂಬುದು ನನ್ನ ಇವತ್ತಿನ ಮಾತು.

ಭಾನುವಾರ ಯಾವುದೇ ತುಂಬಿದ ಕೆರೆಯ ತೂಬಿನ ಬಳಿ ಹೋಗಿ ನೋಡಿ. ಬಿದಿರು ಕಡ್ಡಿಗೆ ದಾರ ಕಟ್ಟಿ, ಎರೆಹುಳ ಚುಚ್ಚಿ ಕೂತ ಹುಡುಗರಿರುತ್ತಾರೆ. ಗಾರೆ ಕೆಲಸಕ್ಕೆ ರಜೆ ಹಾಕಿ ಬಂದವರು, ಮೈದಾ ಉಂಡೆ ಕಟ್ಟಿಕೊಂಡು ಬಂದ ನಿವೃತ್ತ ಮೇಷ್ಟ್ರು, ಬೆಂಗಳೂರಿನಿಂದ ದುಬಾರಿ ರಾಡು ತಂದ ನೆಂಟರ ಮಗ, ಎಲ್ಲರೂ ಒಂದೇ ಸಾಲಿನಲ್ಲಿ. ಹೇಮಾವತಿ ಹುಟ್ಟುವ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಗಾಳ ಹಿಡಿದು ಹೊಳೆಯ ದಂಡೆಯಲ್ಲಿ ಕೂರುತ್ತಿದ್ದುದನ್ನು ಕನ್ನಡ ಓದುಗರೆಲ್ಲ ಬಲ್ಲರು. ಗಾಳ ಹಾಕುವವನು ನೀರನ್ನು ಗಂಟೆಗಟ್ಟಲೆ ನೋಡುತ್ತಾನೆ. ನೀರಿನ ಬಣ್ಣ ಕೆಟ್ಟರೆ, ಮೀನು ಬಾಯಿ ತೆರೆದು ಮೇಲೆ ಬಂದರೆ ಮೊದಲು ತಿಳಿಯುವುದು ಅವನಿಗೇ. ಇಂಥ ಕಣ್ಣುಗಳನ್ನು ಸರ್ಕಾರ ಸಂಬಳ ಕೊಟ್ಟು ನೇಮಿಸಲಾರದು. ಅವು ಈಗಾಗಲೇ ನಮ್ಮ ಕೆರೆಗಳ ಮೇಲಿವೆ. ಅವಕ್ಕೆ ಒಂದು ಸಂಘವಿಲ್ಲ, ಅಷ್ಟೇ.

ಸಂಘ ಕಟ್ಟಿದರೆ ಏನಾಗುತ್ತದೆ, ತಪ್ಪು ಮರಿ ಬಿಟ್ಟರೆ ಏನಾಗುತ್ತದೆ, ಎರಡಕ್ಕೂ ಉತ್ತರ ನಮ್ಮ ಕಾವೇರಿಯಲ್ಲೇ ಇದೆ. ಯಗಚಿ ಹೇಮಾವತಿಗೆ, ಹೇಮಾವತಿ ಕಾವೇರಿಗೆ ಸೇರುವುದರಿಂದ ಇದು ಬೇಲೂರಿನವರಿಗೂ ಸ್ವಂತ ಕತೆ.

ಕಾವೇರಿಯ ದೊಡ್ಡ ಬಿಳಿಮೀನು, ಅಂದರೆ ಗೂನುಬೆನ್ನಿನ ಮಹಶೀರ್, ಒಂದು ಕಾಲಕ್ಕೆ ಜಗತ್ತಿನ ಗಾಳಗಾರರನ್ನೆಲ್ಲ ಇಲ್ಲಿಗೆ ಕರೆತರುತ್ತಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತ್ತು. ಸುಮಾರು 54 ಕಿಲೋ. ಸ್ವಾತಂತ್ರ್ಯ ಬಂದ ಮೇಲೆ ತೋಟೆ ಸಿಡಿಸಿ, ವಿಷ ಹಾಕಿ ಮೀನು ಹಿಡಿಯುವವರ ಕಾಲ ಬಂತು. ಆ ಮೀನು ಉಳಿದೇ ಇಲ್ಲ ಎಂದು ಹೊರಗಿನವರು ನಂಬಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳಗಾರರು ಕಾವೇರಿಯಲ್ಲಿ ಮತ್ತೆ ಭಾರಿ ಮಹಶೀರ್‌ಗಳನ್ನು ಹಿಡಿದಾಗಲೇ ಸುದ್ದಿ ಹಬ್ಬಿತು.

ಅದಕ್ಕೂ ಮೊದಲೇ, 1972ರಲ್ಲಿ, ಬೆಂಗಳೂರಿನಲ್ಲಿ ದಕ್ಷಿಣ ಭಾರತ ವನ್ಯಜೀವಿ ಸಂಘ ಹುಟ್ಟಿತ್ತು. ಅವರು ಕಾವೇರಿಯ ಒಂದು ಹರವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿದರು. ಕೊಡಗಿನಲ್ಲಿ ಕೊಡಗು ವನ್ಯಜೀವಿ ಸಂಘ ವಾಲ್ನೂರಿನ ಬಳಿ ಇಂಥದೇ ಕೆಲಸ ಮಾಡಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳಾದವು. ನಿಯಮ ಸರಳ: ಹಿಡಿದ ಮಹಶೀರ್‌ಅನ್ನು ತೂಗಿ, ಬರೆದುಕೊಂಡು, ಜೀವಂತ ಬಿಡಬೇಕು. ಹಿಂದೆ ತೋಟೆ ಹೊಡೆಯುತ್ತಿದ್ದವರಲ್ಲಿ ಕೆಲವರು ಕಾವಲುಗಾರರಾದರು, ದಾರಿ ತೋರುವವರಾದರು. ನದಿಯ ಆಳ, ಕಲ್ಲು, ಸುಳಿಗಳ ಬಗ್ಗೆ ಅವರಿಗಿದ್ದ ತಿಳಿವಳಿಕೆಗೆ ಮೊದಲ ಬಾರಿ ಮರ್ಯಾದೆಯ ಸಂಬಳ ಸಿಕ್ಕಿತು. ಈ ಭಾಗ ನನಗೆ ತುಂಬ ಇಷ್ಟ. ಕಾನೂನು ಎಷ್ಟೋ ವರ್ಷದಿಂದ ಮಾಡಲಾಗದ್ದನ್ನು ಆ ಸಂಬಳ ಮಾಡಿತು. ತೋಟೆ, ವಿಷಗಳಿಂದ ಮೀನು ಕೊಲ್ಲುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಲ್ಲೇ ಅಪರಾಧ. ಕಾಯ್ದೆಗೆ ಶತಮಾನ ದಾಟಿದೆ, ತೋಟೆ ಇನ್ನೂ ಸಿಡಿಯುತ್ತಿದೆ.

ಆದರೆ ಅದೇ ಒಳ್ಳೆಯ ಮನಸ್ಸಿನವರ ಕೈಯಿಂದ ಒಂದು ದೊಡ್ಡ ಹಾನಿಯೂ ಆಯಿತು. 1970ರ ದಶಕದ ಆರಂಭದಲ್ಲಿ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಮಹಶೀರ್ ಮರಿ ಮಾಡುವ ಕೇಂದ್ರ ತೆರೆದರು. ಅಲ್ಲಿ ಬೆಳೆದದ್ದು ನೀಲಿ ರೆಕ್ಕೆಯ ಮಹಶೀರ್, ಕೃಷ್ಣಾ ಕೊಳ್ಳದ ಮೀನು. ಆ ಮರಿಗಳು ಊರೂರಿಗೆ ಹೋದವು, ಕಾವೇರಿಗೂ ಬಂದವು. ಮಹಶೀರ್ ಎಲ್ಲ ಒಂದೇ ಎಂದು ಆಗ ಎಲ್ಲರೂ ತಿಳಿದಿದ್ದರು. ಮುಂದೆ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದವರು ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಕೂತು ಓದಿದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ ಅದು. ಸಿಕ್ಕುವ ಮೀನಿನ ಸಂಖ್ಯೆ ಏರುತ್ತಾ ಹೋಗಿತ್ತು, ತೂಕ ಇಳಿಯುತ್ತಾ ಬಂದಿತ್ತು. ನೀಲಿ ರೆಕ್ಕೆಯದು ನದಿ ತುಂಬಿತ್ತು. ಕಾವೇರಿಯದೇ ಆದ ಗೂನುಬೆನ್ನಿನ ಮೀನು ಹೆಚ್ಚುಕಡಿಮೆ ಕಾಣೆಯಾಗಿತ್ತು. ಆ ಮೀನಿಗೆ ಸರಿಯಾದ ವೈಜ್ಞಾನಿಕ ಗುರುತು ಸಿಕ್ಕಿದ್ದೇ 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ತೀವ್ರ ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಗುರುತು ಹಿಡಿಯುವ ಹೊತ್ತಿಗೆ ಮೀನು ಮುಗಿಯುತ್ತಾ ಬಂದಿತ್ತು ಎಂಬುದು ನನಗೆ ಸುಮ್ಮನೆ ಓದಿ ಬಿಡುವಂಥ ವಿಷಯವಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವುದೂ ವನ್ಯಜೀವಿ ಕಾಯ್ದೆಯಡಿ ಬೇಟೆಯೇ ಎಂಬ ಅರ್ಥ ಬಂದು, 2012ರ ಸುಮಾರಿಗೆ ಅಲ್ಲಿ ಗಾಳ ನಿಂತಿತು. ಮೀನಿನ ಬಾಯಿಗೆ ಮುಳ್ಳು ಚುಚ್ಚಿ ಬಿಡುವುದು ಆಟವೇ ಎಂದು ಕೇಳುವವರ ನೋವು ನನಗೆ ಅರ್ಥವಾಗುತ್ತದೆ. ಆದರೂ ನದಿಯಲ್ಲಿ ದಿನವೂ ಇರುತ್ತಿದ್ದ ಜನ ಹೋದರೆ ರಾತ್ರಿ ಯಾರು ಬರುತ್ತಾರೆ ಎಂದು ಅದೇ ಸಂಶೋಧಕರು ಕೇಳಿದ ಪ್ರಶ್ನೆ ಹೆಚ್ಚು ಭಾರವಾದದ್ದು. ಗಾಳಿಬೋರೆಯ ಲೆಕ್ಕದ ಪುಸ್ತಕ ಇಲ್ಲದಿದ್ದರೆ ಆ ಮೀನು ಯಾವಾಗ ಹೋಯಿತೆಂದೂ ನಮಗೆ ತಿಳಿಯುತ್ತಿರಲಿಲ್ಲ.

ಗಾಳವೇ ಬೇಡ ಎನ್ನುವವರಿಗೂ ನಮ್ಮ ಹಾಸನ ಜಿಲ್ಲೆಯಲ್ಲೇ ಒಂದು ದಾರಿಯಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯ ಮೀನನ್ನು ಯಾರೂ ಮುಟ್ಟುವುದಿಲ್ಲ. ಹೋದವರೆಲ್ಲ ಪುರಿ ಎರಚುತ್ತಾರೆ, ಮೊಳದುದ್ದದ ಮೀನುಗಳು ಕಾಲ ಬಳಿ ಬರುತ್ತವೆ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಕಡೆಯ ಚಿಬ್ಬಲಗುಡ್ಡೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆಯಲ್ಲಿ ಇದೇ ನಂಬಿಕೆ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ದೇವರ ಮೀನು ಸತ್ತವು. ಊರಿನವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು, ಕಾವಲು ಬಿಗಿ ಮಾಡಿದರು. ದೇವರಿದ್ದಾನೆಂಬ ಭಯ ಒಂದೇ ಸಾಲದು, ಎಚ್ಚರಿದ್ದು ನೋಡುವ ಮನುಷ್ಯರೂ ಬೇಕು ಎಂಬುದನ್ನು ಆ ಊರು ಕಷ್ಟಪಟ್ಟು ಕಲಿಯಿತು.

ಬೇಲೂರು, ಹಳೇಬೀಡು, ಅರಸೀಕೆರೆಗೆ ಬಂದರೆ ಎರಡು ಬಗೆಯ ನೀರನ್ನು ಬೇರೆ ಬೇರೆ ನೋಡಬೇಕು. ಊರ ಕೆರೆಗೆ ಕಾಟ್ಲಾ, ರೋಹು ಬಿಡುವುದರಲ್ಲಿ ನನಗೆ ತಕರಾರಿಲ್ಲ. ಅವು ಗಂಗಾ ಬಯಲಿನ ಮೀನುಗಳು, ನಿಂತ ನೀರಿನಲ್ಲಿ ಮರಿ ಹಾಕುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದು ಕೊಟ್ಟು ಅವುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ದೇಶದ ಕೆರೆಗಳಿಗೆಲ್ಲ ಮರಿ ಸಿಗುವಂತಾಯಿತು. ಬೆಸ್ತರ ಮನೆಗಳ ಅನ್ನ ಅದರಲ್ಲಿದೆ. ಆದರೆ ಜಿಲೇಬಿ ಮೀನು ಹಾಗಲ್ಲ, ಒಮ್ಮೆ ಹೊಕ್ಕರೆ ಕೆರೆ ತುಂಬ ಅದೇ. 2000ದಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ಕಣ್ಣಿಗೆ ಬಿದ್ದ ಎಲ್ಲ ಮೀನನ್ನೂ ನುಂಗುತ್ತದೆ. ಇವೆರಡನ್ನೂ ಕೆರೆಯ ಹತ್ತಿರವೂ ಬಿಡಬಾರದು. ಕೆರೆಯ ಕೋಡಿ ಹಳ್ಳಕ್ಕೆ, ಹಳ್ಳ ಹೊಳೆಗೆ ಹೋಗುತ್ತದೆ.

ಯಗಚಿ ಹೊಳೆ, ಯಗಚಿ ಜಲಾಶಯದ ಮಾತು ಬೇರೆಯೇ. ಅಲ್ಲಿ ದೋಣಿ ವಿಹಾರ, ಜಲಕ್ರೀಡೆ ನಡೆದಿವೆ. 2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಪ್ರವಾಸಿಗಳಿಗೆ ಏನಾದರೂ ಹೊಸದು ತೋರಿಸಬೇಕೆಂಬ ಆಸೆಯೂ ಹೆಚ್ಚಿದೆ. ನಾಳೆ ಯಾರಾದರೂ ಗಾಳದ ಶಿಬಿರ ಮಾಡೋಣ, ಮಹಶೀರ್ ಮರಿ ತಂದು ಬಿಡೋಣ ಎಂದು ಬಂದರೆ ಬೇಲೂರಿನವರು ಮೊದಲು ಕೇಳಬೇಕಾದದ್ದು ‘ಎಲ್ಲಿಯ ಮರಿ’ ಎಂಬ ಪ್ರಶ್ನೆ. ಕಾವೇರಿ ಕೊಳ್ಳದ ತಾಯಿ ಮೀನಿನಿಂದ ಬಂದದ್ದೆಂದು ತಿಳಿದವರು ಪರೀಕ್ಷಿಸಿ ಹೇಳದ ಹೊರತು ಒಂದು ಚೀಲವನ್ನೂ ಬಿಚ್ಚಬಾರದು. ಹೊಳೆಗೆ ಮರಿಗಿಂತ ಮೊದಲು ಬೇಕಾದದ್ದು ಇನ್ನೂ ಹಲವು: ಬೇಸಿಗೆಯಲ್ಲೂ ಆಳ ಉಳಿಯುವ ಗುಂಡಿಗಳು, ಮರಳು ತೆಗೆಯದ ತಳ, ಕಾಫಿ ಪಲ್ಪರ್ ನೀರು ಸೇರದ ಹಳ್ಳಗಳು. ಇದೆಲ್ಲ ಇದ್ದರೆ ಇರುವ ಮೀನೇ ಮರಿ ಮಾಡುತ್ತದೆ.

ಇದನ್ನೆಲ್ಲ ನೋಡಿಕೊಳ್ಳಲು ನೀರುಗಂಟಿಯ ಪದ್ಧತಿ ಕಂಡ ಊರುಗಳಿಗೆ ಹೊಸದಾಗಿ ಏನೂ ಹೇಳಿಕೊಡಬೇಕಿಲ್ಲ. ತೂಬಿಗೆ ಒಬ್ಬ ಹೊಣೆಗಾರನನ್ನು ಇಟ್ಟಿದ್ದ ಊರು ಮೀನಿಗೂ ಇಡಬಲ್ಲದು. ಈಗ ಹಲವು ಸಣ್ಣ ಕೆರೆಗಳ ಮೀನಿನ ಗುತ್ತಿಗೆ ಪಂಚಾಯಿತಿಯ ಹರಾಜಿನಲ್ಲಿ ಹೋಗುತ್ತದೆ. ಹರಾಜು ಹಿಡಿದವನಿಗೆ ಅವಧಿ ಮುಗಿಯುವುದರೊಳಗೆ ಬಳಿದುಕೊಳ್ಳುವ ಆತುರ, ಅದು ಸಹಜ. ಮೀನುಗಾರರ ಸಹಕಾರ ಸಂಘ, ಅಚ್ಚುಕಟ್ಟಿನ ರೈತರು, ಗಾಳದವರು ಸೇರಿ ಕೆರೆಗೊಂದು ಸಂಘ ಮಾಡಿ ಗುತ್ತಿಗೆಯನ್ನು ಅದಕ್ಕೇ ಕೊಡುವುದಾದರೆ ಆ ಆತುರ ತಗ್ಗುತ್ತದೆ. ಬಲೆಯ ಹಕ್ಕು ಬೆಸ್ತರದ್ದೇ ಇರಲಿ. ಶೋಕಿಯ ಗಾಳಕ್ಕಾಗಿ ಅವರನ್ನು ದಡದಿಂದ ಎಬ್ಬಿಸಿದರೆ ಅಂಥ ಸಂಘ ಬೇಡವೇ ಬೇಡ. ಗಾಳದವರು ಚೀಟಿ ಹಣ ಕೊಡಲಿ, ಆ ಹಣ ಕಾವಲಿಗೇ ಹೋಗಲಿ. ಅಮೆರಿಕದಲ್ಲಿ 1950ರಿಂದ ಗಾಳದ ಸಾಮಾನಿನ ಮೇಲೆ ಹಾಕುವ ತೆರಿಗೆ ಮೀನಿನ ರಕ್ಷಣೆಗೇ ಮೀಸಲು. ನಮ್ಮಲ್ಲಿ ಹತ್ತಿಪ್ಪತ್ತು ರೂಪಾಯಿಯ ಚೀಟಿಯಿಂದಲೂ ಶುರು ಮಾಡಬಹುದು.

ಅರಸೀಕೆರೆಯ ಕಂತೇನಹಳ್ಳಿ ಕೆರೆಯಿಂದ ಆರಂಭಿಸಿದರೆ ಒಳ್ಳೆಯದು ಎಂದು ನನ್ನ ಸಲಹೆ. ಊರಿಗೆ ಅಂಟಿಕೊಂಡಿರುವ ಕೆರೆ, ನಡೆಯುವುದೆಲ್ಲ ಎಲ್ಲರ ಕಣ್ಣಿಗೂ ಬೀಳುತ್ತದೆ. ಗುತ್ತಿಗೆ ಪತ್ರದಲ್ಲಿ ನಾಲ್ಕು ಸಾಲು ಸೇರಿಸಲಿ: ಮುಂಗಾರಿನ ಮೊದಲ ನೀರಿಗೆ ಮೀನು ಎದುರು ಹತ್ತುವ ದಿನಗಳಲ್ಲಿ ಕೋಡಿಯ ಬಳಿ ಬಲೆಯೂ ಬೇಡ, ಗಾಳವೂ ಬೇಡ, ಕೆರೆಯ ಹಿಂಬದಿಯ ಜೊಂಡಿನ ಒಂದು ಮೂಲೆಯನ್ನು ಕೊರಮೀನಿಗೂ ಚೇಳುಮೀನಿಗೂ ಬಿಡಬೇಕು, ಬಿಟ್ಟ ಮರಿಯ ಜಾತಿ, ಹಿಡಿದ ಮೀನಿನ ತೂಕ ಎರಡನ್ನೂ ಒಂದು ಪುಸ್ತಕದಲ್ಲಿ ಬರೆಯಬೇಕು, ಹದಿನಾಲ್ಕು ವರ್ಷದೊಳಗಿನ ಮಕ್ಕಳ ಗಾಳಕ್ಕೆ ಚೀಟಿ ಕೇಳಬಾರದು.