ಪಾಲಿಗೆ ಬಾರದ ಪರಿಹಾರ

2020ರ ಏಪ್ರಿಲ್ ತಿಂಗಳಿನಲ್ಲಿ, ಕೊರೋನಾ ಲಾಕ್‌ಡೌನಿನಿಂದ ಪ್ರಯಾಣಿಕ ವಿಮಾನಗಳ ಸಂಚಾರವೆಲ್ಲ ಸ್ಥಗಿತವಾಗಿ, ಪುಣೆಯ ವಿಮಾನ ನಗರವೆಂಬ ನಮ್ಮ ಬಡಾವಣೆಯು ತನ್ನ ಹೆಸರಿಗೆ ಕಾರಣವಾದ ಸದ್ದನ್ನೇ ಮರೆತು ಮಲಗಿದ್ದ ಒಂದು ಮಧ್ಯಾಹ್ನ, ನಮ್ಮ ಚಿಗವ್ವನ (ಚಿಕ್ಕಮ್ಮನ) ಮೊಬೈಲಿಗೆ 2,000 ರೂಪಾಯಿ ಜಮೆಯಾದ ಸಂದೇಶ ಬಂದಿತು. ಕರ್ನಾಟಕದ ಇಂಡಿ ತಾಲ್ಲೂಕಿನ ಎರಡೆಕರೆ ಹೊಲದ ಉತಾರದಲ್ಲಿ (ಪಹಣಿಗೆ ನಮ್ಮ ಕಡೆಯ ಮಾತು ಅದು) ಕಾಕಾನ ತರುವಾಯ ಆಕೆಯ ಹೆಸರು ಏರಿದೆ. ತೆರಿಗೆ ಕಟ್ಟುವಷ್ಟು ವರಮಾನವಿಲ್ಲ. ಆದುದರಿಂದ ಪಿಎಂ-ಕಿಸಾನ್ ಯೋಜನೆಯ ದೃಷ್ಟಿಯಲ್ಲಿ, ನಾಲ್ಕನೆಯ ಮಹಡಿಯಲ್ಲಿ ಕುಂಡದ ತುಳಸಿಗಷ್ಟೇ ನೀರೆರೆಯುವ ಈ ವೃದ್ಧೆಯು ಸಣ್ಣ ಹಿಡುವಳಿದಾರಳೇ ಸರಿ. ವರ್ಷದ 6,000 ರೂಪಾಯಿಯ ಮೊದಲ ಕಂತನ್ನು, ಸಂಕಷ್ಟಕಾಲವೆಂದು, 8.7 ಕೋಟಿ ರೈತರಿಗೆ ಏಪ್ರಿಲಿನಲ್ಲೇ ಕೊಡುವುದಾಗಿ ಕೇಂದ್ರ ಸರ್ಕಾರವು ಸಾರಿದ್ದಿತು.

ಅದೇ ವಾರ ಆ ಹೊಲವನ್ನು ಪಾಲಿಗೆ ಮಾಡುವಾತನ ಫೋನು ಬಂದಿತು. "ಅವ್ವಾರ, ಕಲ್ಲಂಗಡಿ ಹೊಲದಾಗ ಒಡ್ಯಾಕತ್ತಾವ್ರಿ, ಗಾಡಿ ಬರವಲ್ಲದು." ಬೀಜಕ್ಕೂ ಗೊಬ್ಬರಕ್ಕೂ ಸಾಲ ಮಾಡಿದ್ದವನು ಆತ, ಎರಡು ಸಾವಿರದ ಸಂದೇಶ ಬಂದುದು ಮಾತ್ರ ಇಲ್ಲಿಗೆ.

ಮೇ 6ರಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ರೂಪಾಯಿಗಳ ಪ್ಯಾಕೇಜನ್ನು ಪ್ರಕಟಿಸಿ, ಹೂವು ಬೆಳೆದವರಿಗೆ ಹೆಕ್ಟೇರಿಗೆ 25,000 ರೂಪಾಯಿ ಎಂದರು. ಕೆಲವೇ ದಿನಗಳಲ್ಲಿ ಹಣ್ಣು ತರಕಾರಿಯವರಿಗೆ 15,000 ಎಂದಾಯಿತು. ನಮ್ಮ ಎರಡೆಕರೆಯ ಲೆಕ್ಕಕ್ಕೆ ಅದು ಸುಮಾರು 12,000 ರೂಪಾಯಿ. ಅದೂ ಚಿಗವ್ವನ ಖಾತೆಗೇ ಬಂದಿತು. ದಲ್ಲಾಳಿಯ ಕೈ ಸೋಕದೆ ಹಣವು ಖಾತೆಗೆ ನೇರವಾಗಿ ಇಳಿದುದು ಶ್ಲಾಘ್ಯವೇ. ಆದರೆ ಬಾಣವು ಎಷ್ಟು ನೇರವಾಗಿ ಹಾರಿದರೇನು, ಗುರಿಯನ್ನೇ ಉತಾರದ ಹೆಸರಿಗೆ ಇಟ್ಟ ಮೇಲೆ!

ಸಾಗುವಳಿದಾರನ ಹೆಸರಿಗೆ ಪಹಣಿಯಲ್ಲಿ ಪ್ರತ್ಯೇಕ ಕಾಲಂ ಉಂಟು. ಅಲ್ಲಿಯೂ ಮಾಲೀಕರ ಹೆಸರೇ ಕುಳಿತಿರುತ್ತದೆ. ಕಾರಣ ಹಳೆಯದು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿಪದ್ಧತಿಯನ್ನು ನಿಷೇಧಿಸಿ, ಫಾರ್ಮ್ 7 ತುಂಬಿ ನ್ಯಾಯಮಂಡಳಿಯ ಮುಂದೆ ನಿಂತ ಅಸಂಖ್ಯ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತಷ್ಟೆ. ಆ ಮಹತ್ಕಾರ್ಯದ ನೆರಳೇ ಇದು: ಗೇಣಿಯು ಅಳಿಯಲಿಲ್ಲ, ಕಾಗದದಿಂದ ಬಾಯಿಗೆ ಸರಿಯಿತು, ಬರೆದುಕೊಟ್ಟರೆ ಹೊಲವೇ ಹೋದೀತೆಂಬ ಭಯದಿಂದ ಮಾಲೀಕರು ಬರೆಯರು, ಬರೆಯೆಂದರೆ ಹೊಲವೇ ಸಿಗದೆಂಬ ಭಯದಿಂದ ಪಾಲಿನವರು ಕೇಳರು. ಅದೇ 2020ರ ಜುಲೈನಲ್ಲಿ ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಬಹುದೆಂದು ಸುಗ್ರೀವಾಜ್ಞೆ ಹೊರಡಿಸಿದ ರಾಜ್ಯವು, ಜಮೀನಿಲ್ಲದೆ ಬೇಸಾಯ ಮಾಡುವವನ ಗೋಜಿಗೆ ಹೋಗಲಿಲ್ಲ.

ರೈತರ ನೆರವಿಗೆಂದು ಬಂದ ಒಡಿಶಾದ ಕಾಲಿಯಾ ಯೋಜನೆಯು 2018ರಲ್ಲಿಯೇ ಪಾಲಿನ ರೈತನನ್ನು ಲೆಕ್ಕಕ್ಕೆ ಹಿಡಿಯಿತು. ಆಂಧ್ರವು 2019ರಲ್ಲಿ ಕೆಲವು ವರ್ಗಗಳ ಗೇಣಿದಾರರಿಗಾದರೂ ತನ್ನ ರೈತು ಭರೋಸಾ ಯೋಜನೆಯಲ್ಲಿ ಸ್ಥಾನವಿತ್ತಿತು. ನಮ್ಮಲ್ಲಿ ಬೆಳೆ ಸಮೀಕ್ಷೆಯವರು ಹೊಲಕ್ಕೇ ಬಂದು ಬೆಳೆಯ ಫೋಟೋ ತೆಗೆಯುತ್ತಾರೆ. ಬದುವಿನ ಮೇಲೆ ನಿಂತಿರುವವನು ಯಾರೆಂದು ಒಂದು ಮಾತು ಕೇಳಿ ಬರೆದುಕೊಂಡು, ಆ ಬರಹದಿಂದ ಒಡೆತನದ ಹಕ್ಕು ಹುಟ್ಟದೆಂದು ಕಾನೂನಿನಲ್ಲಿ ಸ್ಪಷ್ಟಪಡಿಸಿದರೆ, ಅರ್ಧ ತೊಡಕು ಬಿಡಿಸಿದಂತಾದೀತೆಂದು ನನ್ನ ಎಣಿಕೆ.

ಚಿಗವ್ವ ಹಣವನ್ನು ಇಟ್ಟುಕೊಳ್ಳಲಿಲ್ಲವೆನ್ನಿ. ಎರಡು ಸಾವಿರವನ್ನು ಅಂದೇ ನನ್ನಿಂದ ಆತನಿಗೆ ಕಳುಹಿಸಿದಳು. ಹನ್ನೆರಡು ಸಾವಿರ ಬಂದಾಗ ಮಾತ್ರ ಒಂದು ಸಂಜೆಯೆಲ್ಲ ಯೋಚಿಸಿ, ಅರ್ಧ ಕಳಿಸೆಂದಳು. ಗೊಬ್ಬರದಲ್ಲಿ ಅರ್ಧ, ಬೆಳೆಯಲ್ಲಿ ಅರ್ಧವೆಂದು ಮಾತಾಗಿದ್ದಿತೇ ಹೊರತು, ಪರಿಹಾರದ ಮಾತನ್ನು ಯಾರೂ ಆಡಿರಲಿಲ್ಲ. ಆತನಿಗೆ ಸಂದುದು ಹಕ್ಕೋ ದಯೆಯೋ, ಕಳಿಸಿದ ನನಗೂ ತಿಳಿಯಲಿಲ್ಲ.

ಮರುವರ್ಷ ಯುಗಾದಿಗೆ ಪಾಲಿನ ಮಾತು ಮತ್ತೆ ಫೋನಿನಲ್ಲಿಯೇ ನಡೆಯಿತು. "ಅವ್ವಾರ, ಸರ್ಕಾರದ ರೊಕ್ಕ ಬಂದ್ರ ಅದರಾಗೂ ಸಮಪಾಲ ಏನ್ರಿ?" ಎಂದು ಆತ ಕೇಳಿದುದು ನನಗೂ ಕೇಳಿಸಿತು.

"ಸಮಪಾಲ," ಎಂದಳು ಚಿಗವ್ವ. ಸ್ವಲ್ಪ ತಡೆದು, "ಆದ್ರ ಕಾಗದದಾಗ ಬರಿಯೂದು ಬ್ಯಾಡ" ಎಂದಳು.