ರಂಗಪ್ರಯೋಗವೂ ಸಂಶೋಧನೆಯೆ?

ರಂಗಭೂಮಿಯ ವಿದ್ಯಾರ್ಥಿಯು ಕಟ್ಟಿದ ಪ್ರಯೋಗವನ್ನು ಪ್ರಬಂಧದ ಅನುಬಂಧವೆಂದು ಬದಿಗಿರಿಸುವ ಧೋರಣೆ ಮರುಪರಿಶೀಲನೆಗೆ ಅರ್ಹವಾದುದು. ಶಿವರಾಮ ಕಾರಂತರ ನಿದರ್ಶನವನ್ನೇ ಗಮನಿಸಬಹುದು. 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಪಾತ್ರವಾದ ‘ಯಕ್ಷಗಾನ ಬಯಲಾಟ’ವನ್ನು ಸಂಶೋಧನೆಯೆಂದು ಒಪ್ಪುವುದರಲ್ಲಿ ವಿದ್ವಾಂಸರಿಗೆ ಸಂಕೋಚವಿಲ್ಲ. ಅದೇ ಕಾರಂತರು ಮಾತುಗಾರಿಕೆಯನ್ನು ಕೈಬಿಟ್ಟು, ಪಿಟೀಲು, ಸ್ಯಾಕ್ಸೊಫೋನುಗಳನ್ನು ಹಿಮ್ಮೇಳಕ್ಕೆ ತಂದು ರೂಪಿಸಿದ ಯಕ್ಷಗಾನ ಬ್ಯಾಲೆಗಳು ಮಾತ್ರ ಕಲಾಸಾಧನೆಯ ಪಟ್ಟಿಗೆ ಸೇರಿಬಿಡುತ್ತವೆ. ಅರ್ಥಗಾರಿಕೆಯಿಲ್ಲದೆ ಹಾಡು, ಕುಣಿತಗಳೇ ಪ್ರಸಂಗವನ್ನು ನಡೆಸಬಲ್ಲವೆ ಎಂಬುದು ಗ್ರಂಥಾಲಯದಲ್ಲಿ ಕುಳಿತು ತೀರ್ಮಾನಿಸಬಹುದಾದ ಪ್ರಶ್ನೆಯಲ್ಲ. ವೇಷಧಾರಿಯ ಹೆಜ್ಜೆ, ಭಾಗವತನ ಉಸಿರುಗಳೇ ಅದಕ್ಕೆ ಆಕರ.

ಹಾಗೆಂದು ಆಡಿದ ನಾಟಕವೆಲ್ಲ ಸಂಶೋಧನೆಯಾಗದು. (ಚಪ್ಪಾಳೆಯಂತೂ ಪ್ರಮಾಣವೇ ಅಲ್ಲ.) ಗ್ರಂಥಸಂಪಾದಕನು ತಾನು ಸ್ವೀಕರಿಸದ ಪಾಠಾಂತರಗಳನ್ನೂ ಅಡಿಟಿಪ್ಪಣಿಯಲ್ಲಿ ಕಾಣಿಸುತ್ತಾನೆ, ಓದುಗನು ಒಪ್ಪದಿರಲು ಅದರಿಂದ ಅವಕಾಶವುಂಟು. ರಂಗಸಂಶೋಧಕನೂ ತಾಲೀಮಿನಲ್ಲಿ ಯಾವ ಚಲನೆಯನ್ನು, ಯಾವ ಲಯವನ್ನು, ಏಕೆ ಕೈಬಿಟ್ಟನೆಂಬುದನ್ನು ದಿನಚರಿಯಲ್ಲಿ ದಾಖಲಿಸಬೇಕು. ಕೊನೆಯ ಪ್ರದರ್ಶನದ ವಿಡಿಯೊದಲ್ಲಿ ಉಳಿಯುವುದು ಫಲಿತಾಂಶವೇ ಹೊರತು ಶೋಧದ ಹಾದಿಯಲ್ಲ. ಈ ದಿನಚರಿಯನ್ನು ಪ್ರಬಂಧದ ಅಂಗವೆಂದೇ ನಿಯಮಾವಳಿ ಮಾನ್ಯ ಮಾಡಬೇಕು. ಪರೀಕ್ಷಕರೂ ಪ್ರದರ್ಶನದ ಸಂಜೆಗೆ ಮಾತ್ರ ಅತಿಥಿಗಳಾಗದೆ, ಕನಿಷ್ಠ ಎರಡು ತಾಲೀಮುಗಳಲ್ಲಾದರೂ ಕುಳಿತುಕೊಳ್ಳಬೇಕು.