ಬೇಸ್ ಕಲಿಯುವವರೇ, ಡಿಸ್ಟಾರ್ಷನ್ ಪೆಡಲ್ ಆಮೇಲೆ

ಗಣಪತಿ ಹಬ್ಬ ಹತ್ತಿರ ಬಂತೆಂದರೆ ಊರೂರಲ್ಲಿ ರಸಮಂಜರಿ ತಂಡಗಳ ತಾಲೀಮು ಶುರು. ಎಷ್ಟೋ ತಂಡಗಳಲ್ಲಿ ಕೀಬೋರ್ಡ್‌ನವರ ಎಡಗೈಯೇ ಬೇಸ್ ಕೆಲಸವನ್ನೂ ಮುಗಿಸಿಬಿಡುತ್ತದೆ. ಹಾಗಾಗಿ ಹೊಸದಾಗಿ ಬೇಸ್ ಗಿಟಾರ್ ಹಿಡಿದವರಿಗೆ ವೇದಿಕೆ ಸಿಗುವುದೇ ಅಪರೂಪ. ಸಿಕ್ಕ ದಿನ ಶ್ರುತಿ ತಪ್ಪಿದರೆ ಮತ್ತೆ ಕರೆಯುವುದಿಲ್ಲ. ಆದರೂ ಕಲಿಯುವ ಹುಡುಗರು ನಮ್ಮನ್ನು ಮೊದಲು ಕೇಳುವುದು, "ಯಾವ ಡಿಸ್ಟಾರ್ಷನ್ ಪೆಡಲ್ ತಗೊಳ್ಳಲಿ ಅಣ್ಣಾ?"

ಸದ್ಯಕ್ಕೆ ಯಾವುದೂ ಬೇಡ. ಮೊದಲು ಟ್ಯೂನರ್ ಪೆಡಲ್ ತಗೊಳ್ಳಿ. ಫೋನಿನ ಟ್ಯೂನರ್ ಆ್ಯಪ್ ಮನೆಗೆ ಸಾಕು. ವೇದಿಕೆಯಲ್ಲಿ ಪಕ್ಕದಲ್ಲೇ ಡ್ರಮ್ಸ್ ಬಾರಿಸುತ್ತಿದ್ದರೆ ಅದಕ್ಕೆ ನಿಮ್ಮ ತಂತಿ ಕೇಳಿಸುವುದಿಲ್ಲ. ಪೆಡಲ್‌ಗೆ ಸದ್ದು ಕೇಬಲ್‌ನಲ್ಲೇ ಬರುತ್ತದೆ. ಕಾಲಲ್ಲಿ ಒತ್ತಿದರೆ ಸ್ಪೀಕರ್‌ಗೆ ಹೋಗುವ ಸದ್ದು ನಿಲ್ಲುತ್ತದೆ, ನೀವು ಶ್ರುತಿ ಕೂಡಿಸುವುದು ಜನರಿಗೆ ಗೊತ್ತೇ ಆಗುವುದಿಲ್ಲ.

ಎರಡನೆಯದು ಡಿಐ ಬಾಕ್ಸ್. ಹಳ್ಳಿ ವೇದಿಕೆಯಲ್ಲಿ ಬೇಸ್ ಆಂಪ್ಲಿಫೈಯರ್ ಎಲ್ಲಿರುತ್ತದೆ? ಉದ್ದನೆ ಕೇಬಲ್ ಎಳೆದು ಮಿಕ್ಸರ್‌ಗೇ ಚುಚ್ಚುತ್ತಾರೆ, ಸದ್ದು ಮಂಕಾಗುತ್ತದೆ, ಗುಂಯ್ ಅನ್ನುವ ಗದ್ದಲವೂ ಸೇರಿಕೊಳ್ಳುತ್ತದೆ. ಅದನ್ನು ತಡೆಯುವುದೇ ಡಿಐ ಕೆಲಸ. ಸೌಂಡ್‌ನವರ ಹತ್ತಿರ ಇದೆಯಾ ಕೇಳಿ. ಇಲ್ಲದಿದ್ದರೆ ತಂಡದವರೆಲ್ಲ ಸೇರಿ ಒಂದು ಕೊಳ್ಳಬಹುದು.

ಡಿಸ್ಟಾರ್ಷನ್ ಬೇಡ ಅನ್ನುವುದಕ್ಕೆ ಕಾರಣವಿದೆ. ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಿಟಾರ್‌ಗೆಂದು ಮಾಡಿದ ಎಷ್ಟೋ ಪೆಡಲ್‌ಗಳು ಆ ಕೆಳಗಿನ ಸದ್ದನ್ನೇ ತಿಂದುಹಾಕುತ್ತವೆ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಭರ್ಜರಿ, ಪೆಂಡಾಲಿನಲ್ಲಿ ನಾಪತ್ತೆ. ಬೇಕೇಬೇಕು ಅಂದರೆ ಮೂಲ ಸದ್ದನ್ನೂ ಬೆರೆಸುವ ಬ್ಲೆಂಡ್ ತಿರುಗಣೆ ಇರುವುದನ್ನು ನೋಡಿ. ಫೋನಿನ ಸ್ಪೀಕರ್‌ನಲ್ಲಿ ವಿಡಿಯೋ ಕೇಳಿ ಆರಿಸಬೇಡಿ, ಆ ಪುಟ್ಟ ಸ್ಪೀಕರ್‌ನಿಂದ 41ರ ಸದ್ದು ಹೊರಡುವುದೇ ಇಲ್ಲ.

ಕಂಪ್ರೆಸರ್ ಒಳ್ಳೆಯದೇ. ಜೋರು-ಮೆಲ್ಲನೆಯನ್ನು ಸಮ ಮಾಡುತ್ತದೆ. ಆದರೆ ನಿಮ್ಮ ಬೆರಳಿನ ತಪ್ಪನ್ನು ನಿಮ್ಮಿಂದಲೇ ಮುಚ್ಚಿಡುತ್ತದೆ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ 1960ರ ದಶಕದಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು. ಪೆಡಲ್ ಇಲ್ಲದೆಯೇ ಆ ಸದ್ದು.

ನೂರು ಸದ್ದಿನ ಮಲ್ಟಿ ಎಫೆಕ್ಟ್ಸ್ ಪೆಟ್ಟಿಗೆಯಲ್ಲಿ ಟ್ಯೂನರ್ ಕೂಡ ಇರುತ್ತಲ್ಲ ಅಂತೀರಿ. ಸರಿ, ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬೇಡ ಅನ್ನುವುದಿಲ್ಲ. ಸಾಲ ಮಾಡಿ ಮಾತ್ರ ಬೇಡ.

ಅಡಾಪ್ಟರ್ ವಿಷಯ ಒಂದಿದೆ. ಹೆಚ್ಚಿನ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್, ಪಿನ್ನಿನ ನಡುವೆ ಮೈನಸ್. ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರ್ ಚುಚ್ಚಿದರೆ ಪೆಡಲ್ ಸುಟ್ಟೀತು. ಅಂಗಡಿಗೆ ಹೋಗುವಾಗ ನಿಮ್ಮ ಬೇಸನ್ನೇ ಒಯ್ಯಿರಿ. ಅವರು ಗಿಟಾರ್‌ಗೆ ಚುಚ್ಚಿ ಕೇಳಿಸಿದರೆ ಒಪ್ಪಬೇಡಿ.